ಅತ್ತೆಯ ಶುಗರ್ ಮಾತ್ರೆ

ಮಾರ್ಚ್ ೧೪, ಗುರುವಾರ

ಮೈದುನನ ಮುಖ ಕಣ್ಣೆದುರಿನಿಂದ ಹೋಗುತ್ತಿಲ್ಲ, ನಿದ್ದೆ ಎಲ್ಲಿಂದ ಬರಬೇಕು. ಭಾನುವಾರ ಊಟಕ್ಕೆ ಕೂತು ತನ್ನ ಲ್ಯಾಬಿನ ಪ್ರತಾಪ ಕೊಚ್ಚಿಕೊಂಡಿದ್ದ: ಶುಗರ್‌ನ ಹಳೇ ಮಾತ್ರೆಯೊಂದು ಕ್ಯಾನ್ಸರ್ ಬೆಳೆಸುವ ಜೀನಿನ ಬಾಯಿ ಮುಚ್ಚಿಸುತ್ತದಂತೆ. ಅತ್ತೆ ಅದನ್ನೇ ನಂಬಿ, ಇವತ್ತು ತಮ್ಮ ಶುಗರ್ ಮಾತ್ರೆ ಅರೆದು, ರಕ್ತದ ಕ್ಯಾನ್ಸರಿನಿಂದ ಸೊರಗಿರುವ ನನ್ನ ಮಗಳಿಗೆ ಹಾಲಿನಲ್ಲಿ ಕುಡಿಸಿದ್ದಾರೆ. ಶುಗರ್ ಇಳಿದು ಮಗು ಬೆವೆತು ನನ್ನ ತೋಳಲ್ಲೇ ಜೋತುಬಿತ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಸುದ್ದಿ ಕೇಳಿ ಮೈದುನ ಅಲ್ಲಿಗೇ ಓಡಿ ಬಂದ.

“ಅದು ಗಾಜಿನ ತಟ್ಟೇಲಿರೋ ಜೀವಕೋಶದ ಮಾತು, ಅತ್ತಿಗೆ. ನಾನೇನು ಕುಡಿಸಿ ಅಂದ್ನಾ?”

“ಹಂಗಾದ್ರೆ ಆ ತಟ್ಟೆ ಮುಂದೇನೇ ಬಾಯಿ ಬಿಡ್ಬೇಕಿತ್ತು.”

ಆಮೇಲೆ ಮೆಲ್ಲಗೆ ಕೇಳಿದ, “ಕುಡಿಸಿ ಎಷ್ಟು ಹೊತ್ತಿಗೆ ಸುಸ್ತಾದ್ಲು?” ಕೇಳುತ್ತಾ ತನ್ನ ಲ್ಯಾಬಿನ ನೋಟ್‌ಬುಕ್ ಬಿಚ್ಚಿ, ಜೇಬಿನಿಂದ ಪೆನ್ನು ತೆಗೆದ.

ಅತ್ತೆಯನ್ನು ಎಂದಾದರೂ ಕ್ಷಮಿಸಿಯೇನು. ಆ ಪೆನ್ನನ್ನು ಮಾತ್ರ… ಮಗಳು ಹೊರಳುತ್ತಿದ್ದಾಳೆ, ಹಣೆ ಮುಟ್ಟಿ ನೋಡಬೇಕು.