ಹನ್ನೆರಡು ಪೆಟ್ಟಿಗೆ ಮದ್ಯ

ಹಾಂಗ್‌ಝೌ, ೧೪ ಮಾರ್ಚ್ ೨೦೧೯, ಗುರುವಾರ

ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹನ್ನೆರಡು ಪೆಟ್ಟಿಗೆ ಮದ್ಯ ಬಂದು ಬಿದ್ದಿದೆ. ನನ್ನ ಎಂಬತ್ತು ಸಾವಿರ ಯುವಾನ್‌ಗೆ ಬದಲು ಇದಂತೆ! ನಮ್ಮ ಹಣವನ್ನು ಆ್ಯಪ್‌ನಲ್ಲಿ ಯಾರ್ಯಾರಿಗೋ ಸಾಲ ಕೊಡಿಸುತ್ತಿದ್ದ ಕಂಪನಿ ಮುಳುಗಿ ಎಂಟು ತಿಂಗಳಾಯಿತು. ಸಾಮಾನು ಬೇಡವೆಂದರೆ ಅದೂ ಇಲ್ಲ ಎಂದರು, ಒಪ್ಪಿದೆ. ನೂರು ಯುವಾನ್‌ನ ಬಾಟಲಿಗೆ ಸಾವಿರದ ನೂರು ಹಚ್ಚಿದ್ದಾರೆ. ಆ್ಯಪ್ ತೆರೆದರೆ, 'ಪೂರ್ತಿ ಮರುಪಾವತಿಯಾಗಿದೆ. ಲಾಭ ಶೇಕಡ ಹನ್ನೊಂದು. ಅಭಿನಂದನೆಗಳು!' ನಾಚಿಕೆಗೆಟ್ಟ ನನ್ಮಕ್ಕಳು.

ನಾನೇನು ಕಡಿಮೆ ಜಾಣೆಯೇ? ಮೂರು ವರ್ಷ ದಿನವೂ ಬಡ್ಡಿಯ ಪಟ್ಟಿ ಬರೆದೆ. ಒಬ್ಬನನ್ನೇ ನಂಬಬಾರದೆಂದು ಹಣವನ್ನು ನಾನೂರು ಸಾಲಗಾರರಿಗೆ ಹಂಚಿದೆ. ನಾನೂರು ಜನಕ್ಕೂ ಅದೇ ಒಂದು ಕಂಪನಿಯ ಮೂಲಕ! ಆ ಪಟ್ಟಿಯನ್ನು ಹರಿದು ಒಲೆಗೆ ಹಾಕಬೇಕು.

ಸಂಜೆ ಸುಯಿಯಿಂಗ್ ಚಿಕ್ಕಮ್ಮ ಬಂದಿದ್ದಳು. ರೇಷ್ಮೆ ಕಾರ್ಖಾನೆಯಿಂದ ನಿವೃತ್ತಳಾದಾಗ ಬಂದ ಹಣವನ್ನೆಲ್ಲ ನನ್ನ ಮಾತು ಕೇಳಿ ಅಲ್ಲೇ ಹಾಕಿದವಳು. ಪೆಟ್ಟಿಗೆಗಳನ್ನು ನೋಡಿ, "ನಂಗೂ ಇದೇ ಬರತ್ತೇನೇ? ನಾನು ಕುಡಿಯೋದೇ ಇಲ್ವಲ್ಲೇ" ಎಂದಳು.

"ಬೈಯಿ ಚಿಕ್ಕಮ್ಮ, ಬಾಯಿಗೆ ಬಂದಹಾಗೆ ಬೈಯಿ."

"ನಿನ್ನ ಯಾಕೆ ಬೈಲಿ? ನಿಂದೂ ಹೋಯ್ತಲ್ಲ."

ಅದೇ ಉರಿಯುತ್ತಿದೆ ನನಗೆ. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅವಳು ಮೀನು ಹಾಕಿಕೊಂಡು ಎರಡು ಬಟ್ಟಲು ಅನ್ನ ತಿಂದಳು. "ಅನ್ನ ಎಷ್ಟು ಚೆನ್ನಾಗಿ ಬೆಂದಿದೆ! ಈ ಕುಕ್ಕರ್ ಎಲ್ಲಿ ತಗೊಂಡೆ?" ಎಂದು ಕೇಳಿದಳು. ಅಂಗಡೀಲಿ ಎಂದೆ.

ನಾಚಿಕೆಗೆಟ್ಟವರು ಎಂದು ಮೇಲೆ ಬರೆದಿದ್ದೇನೆ. ಚಿಕ್ಕಮ್ಮನನ್ನು ಆ್ಯಪ್‌ಗೆ ಸೇರಿಸಿದ್ದಕ್ಕೆ ಆ ಕಂಪನಿಯವರು ನನಗೆ ಕಳಿಸಿದ ಉಡುಗೊರೆ ಆ ಕುಕ್ಕರ್.