ಬೋರಲಿಂಗಯ್ಯನ ಏರ್‌ಗನ್ನು

ಅಕ್ಟೋಬರ್ 17, 1999, ಭಾನುವಾರ

ಇವತ್ತು ಇದು ಮೂರನೆಯ ಮನೆಯ ಆಯುಧಪೂಜೆ. ಹಬ್ಬ ಇರುವುದು ನಾಳೆ; ಸೋಮವಾರ ರಜಾ ಕೊಡುವವರು ಯಾರು? ನ್ಯೂಜೆರ್ಸಿಯ ಮನ್ರೋದಲ್ಲಿ ಬೋರಲಿಂಗಯ್ಯನ ಮನೆ. ಎರಡು ಕಾರು, ಕಂಪ್ಯೂಟರು, ಮಿಕ್ಸಿ — ಎಲ್ಲಕ್ಕೂ ಕುಂಕುಮ. ನಡುವೆ ಹಳೆಯದೊಂದು ಏರ್‌ಗನ್ನು.

"ನಮ್ಮ ತಾತಂದು ಸಾರ್. ಪ್ರತಿ ವರ್ಷ ಇದಕ್ಕೇ ಮೊದಲ ಪೂಜೆ," ಎಂದ.

ತಾತ ಎಂದರೆ ಚಿಕ್ಕಬೋರಯ್ಯ. ನಮ್ಮೂರಿನವನು, ನಮ್ಮ ಮನೆಯಲ್ಲೇ ಆಳಾಗಿದ್ದವನು. 1924ರಲ್ಲಿ ನನ್ನ ತಾತನ ಇಂಗ್ಲಿಷ್ ಏರ್‌ಗನ್ನು ಕಳುವಾಯಿತು. ಕದ್ದವನು ಅವನೇ ಎಂದು ಕಂಬಕ್ಕೆ ಕಟ್ಟಿ ಹೊಡೆದು ಊರು ಬಿಡಿಸಿದರು. ಈ ಕಥೆ ಕೇಳುತ್ತಲೇ ಬೆಳೆದೆ. ಅದೇ ಮಾದರಿ ಇದು... ನಳಿಕೆಯ ಕೆಳಗೆ ಮಡಿಸುವ ಲಿವರ್. ಮೈ ಉರಿಯಿತು. ಎಲ್ಲರೂ ಊಟಕ್ಕೆ ಎದ್ದಾಗ ಗನ್ನಿನ ಮೇಲಿನ ನಂಬರು ಬರೆದುಕೊಂಡೆ. 8417.

ಅಕ್ಟೋಬರ್ 21

ಜರ್ಸಿ ಸಿಟಿ ಆಫೀಸಿನಲ್ಲಿ ಅದೇ ವೈಟೂಕೆ. 2000 ಬಂದಾಗ ಕಂಪ್ಯೂಟರುಗಳು ಕೆಡದಂತೆ ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡುತ್ತ ಕೂರುವುದು. ನಂಬರು ಕಳಿಸಿ ಕೇಳಿದ್ದಕ್ಕೆ ಮಧ್ಯಾಹ್ನ ಇಂಗ್ಲೆಂಡಿನ ಹಳೆಯ ಗನ್ನುಗಳ ಸಂಗ್ರಾಹಕರೊಬ್ಬರ ಇಮೇಲ್. ಮಾದರಿ ಬದಲಾದಾಗಲೆಲ್ಲ ಆ ಗನ್ನು ಮಾಡಿದ ಕಾರ್ಖಾನೆ ನಂಬರುಗಳನ್ನು ಮತ್ತೆ ಒಂದರಿಂದ ಶುರು ಮಾಡುತ್ತಿತ್ತಂತೆ. ನಂಬರಿನ ಮೊದಲು ಎಸ್ ಅಕ್ಷರವಿದ್ದರೆ 1930ರ ನಂತರದ್ದು. ಅಕ್ಷರವಿಲ್ಲದ 8417 ಆದರೆ 1908. ಅಕ್ಷರ ಇದೆಯೇ, ಚೆನ್ನಾಗಿ ನೋಡಿ ಎಂದು ಎರಡು ಸಲ ಬರೆದಿದ್ದಾರೆ. ಇರಲಿಲ್ಲ. ಕಣ್ಣಾರೆ ನೋಡಿದ್ದೇನೆ.

ನಮ್ಮದೇ ಗನ್ನು! ಕನ್ನಡಕೂಟದ ಕಾರ್ಯದರ್ಶಿ ಪ್ರಭಾಕರನಿಗೆ ಫೋನ್ ಮಾಡಿ ಹೇಳಿದೆ.

"ಏನ್ರೀ ಮೂರ್ತಿ, ಕದ್ದ ಮಾಲಿಗೆ ಮಂಗಳಾರತಿನಾ?" ಎಂದು ನಕ್ಕ. ನಾನೂ ನಕ್ಕೆ.

ನವೆಂಬರ್ 6, ಶನಿವಾರ

ಐಸೆಲಿನ್‌ನ ಇಂಡಿಯನ್ ಬೀದಿ. ದಿನಸಿ ಅಂಗಡಿಯಲ್ಲಿ ಬೋರಲಿಂಗಯ್ಯನ ಹೆಂಡತಿ ನಳಿನಾಕ್ಷಿ ನಮ್ಮನ್ನು ಕಂಡು ಕಾರ್ಟ್ ತಿರುಗಿಸಿಕೊಂಡು ಹೋದಳು. ಕಾರಿನಲ್ಲಿ ನನ್ನ ಹೆಂಡತಿ ಪದ್ಮಜಾ ಶುರು ಮಾಡಿದಳು.

"ಇಪ್ಪತ್ತನೇ ತಾರೀಕು ಕೂಟದ ರಾಜ್ಯೋತ್ಸವಕ್ಕೆ ಅವರ ಮಗಳು ತನುಶ್ರೀ ನಾಡಗೀತೆ ಹಾಡಬೇಕಿತ್ತು. ಈಗ ಒಲ್ಲೆ ಅಂತಾಳಂತೆ. ರಿಹರ್ಸಲ್‌ನಲ್ಲಿ ಮಕ್ಕಳು 'ಗನ್ ಥೀಫ್' ಅಂದ್ರಂತೆ. ಸಂತೋಷನಾ ನಿಮಗೆ?"

"ಇದ್ದದ್ದು ಹೇಳಿದೆ."

"ಯಾರಿಗ್ರೀ? ಆ ಮಗೂಗಾ?"

ಟರ್ನ್‌ಪೈಕ್ ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ತಪ್ಪಿತು.

ನವೆಂಬರ್ 13, ಶನಿವಾರ

ಬೆಳಿಗ್ಗೆ ಬೋರಲಿಂಗಯ್ಯನ ಫೋನ್. "ಒಂದ್ಸಲ ಮನೇಗೆ ಬನ್ನಿ ಸಾರ್. ಅವತ್ತು ಕದ್ದು ಬರ್ಕೊಂಡ್ರಿ. ಇವತ್ತು ಎದುರಿಗೇ ಬರ್ಕೊಳ್ಳಿ."

ಹೋದೆ. ಊಟದ ಮೇಜಿನ ಮೇಲೆ ಗನ್ನು, ಒಂದು ಟೂತ್‌ಬ್ರಷ್, ನೇಲ್‌ಪಾಲಿಶ್ ರಿಮೂವರ್. ವರ್ಷವರ್ಷದ ಕುಂಕುಮ ಎಣ್ಣೆಯ ಜೊತೆ ಸೇರಿ ಅರಗಿನಂತೆ ಗಟ್ಟಿಯಾಗಿತ್ತು. ನಾನೇ ಉಜ್ಜಿದೆ. ಎಂಟರ ಎಡಕ್ಕೆ ಮೆಲ್ಲಗೆ ಒಂದು ಬಾಗು... ಇನ್ನೊಂದು ಬಾಗು. ಎಸ್.

ಬ್ರಷ್ ಕೆಳಗಿಟ್ಟೆ.

"ಏನ್ ಬಂತು ಸಾರ್?"

ಅದರ ಅರ್ಥ ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಸುಮ್ಮನೆ ಎದ್ದು ಬರಬಹುದಿತ್ತು.

"ಇದು ಮೂವತ್ತರ ನಂತರದ್ದು. ನಮ್ಮದಲ್ಲ."

"ಅದು ನಮಗೆ ಗೊತ್ತಿತ್ತಲ್ಲ." ದನಿ ಏರಿಸಲಿಲ್ಲ. "ತಾತ ಬೆಂಗಳೂರು ದಂಡು ಪ್ರದೇಶದಲ್ಲಿ ಕೂಲಿ ಮಾಡಿ ಕೊಂಡಿದ್ದು. ಕದ್ದೆ ಅಂತ ಹೊಡೆದ್ರಲ್ಲ, ಅಂಥದ್ದನ್ನೇ ಕೊಂಡು ಮನೇಲಿಡ್ತೀನಿ ಅಂತ ಹಠ. ಅದ್ರಲ್ಲಿ ಒಂದು ಕಾಗೇನೂ ಹೊಡೀಲಿಲ್ಲ ಸಾರ್ ಅವ್ರು."

ನಳಿನಾಕ್ಷಿ ಕಾಫಿ ತರಲಿಲ್ಲ. ಮಹಡಿಯಿಂದ ತನುಶ್ರೀ ಕೂಗಿದಳು: "ಅಪ್ಪಾ, ಈಸ್ ಹಿ ಗಾನ್?"

ನವೆಂಬರ್ 14

ಹಾಗಾದರೆ ನಮ್ಮ ಗನ್ನು ಎಲ್ಲಿ ಹೋಯಿತು? ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಚಿಕ್ಕಬೋರಯ್ಯನವರ ಹತ್ತಿರ ಅದು ಸಿಕ್ಕಿತೆಂದೂ ಯಾರೂ ಹೇಳಿರಲಿಲ್ಲ. ಹೊಡೆದದ್ದನ್ನು ಮಾತ್ರ ಹೇಳುತ್ತಿದ್ದರು, ನಗುತ್ತ. ನನಗೋ ನನ್ನ ನೆನಪಿನ ಬಗ್ಗೆ ಎಷ್ಟು ಜಂಭ!

ಪ್ರಭಾಕರನಿಗೆ ಹೇಳಿದೆ. "ಬಿಡ್ರೀ, ಜನ ಮರೀತಾರೆ," ಎಂದ.

ನಮ್ಮ ಮನೆಯವರು ಮರೆತರೇ? ರಾಜ್ಯೋತ್ಸವದ ದಿನ ಎರಡು ನಿಮಿಷ ಮೈಕ್ ಬೇಕೆಂದೆ. ಗೊಣಗಿಕೊಂಡು ಒಪ್ಪಿದ.

ನವೆಂಬರ್ 20, ಶನಿವಾರ, ಸಂಜೆ 4

ರಾಜ್ಯೋತ್ಸವ ನಡೆಯುವ ಹೈಸ್ಕೂಲಿನ ಪಾರ್ಕಿಂಗ್ ಲಾಟ್. ಪದ್ಮಜಾ ಒಳಗೆ ಹೋದಳು. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೋರಲಿಂಗಯ್ಯನವರ ವ್ಯಾನ್ ಈಗ ತಾನೇ ಬಂತು. ಗಂಡ ಹೆಂಡತಿ ಇಳಿದರು. ತನುಶ್ರೀ ಇಳಿಯುತ್ತಿಲ್ಲ.

ಮೈಕಿನಲ್ಲಿ ಹೇಳಲು ಬರೆದದ್ದರ ಮೊದಲ ವಾಕ್ಯ ಹೀಗಿತ್ತು: 'ನಮ್ಮ ತಾತ ಒಬ್ಬ ನಿರಪರಾಧಿಯನ್ನು ಹೊಡೆಸಿದರು.' ಹೊಡೆದುಹಾಕಿದೆ. ಸತ್ತವರ ಬೆನ್ನ ಹಿಂದೆ ನಿಲ್ಲುವುದು ಸುಲಭ. ಇನ್ನೊಮ್ಮೆ ಬರೆಯುತ್ತೇನೆ.

'ಕಳೆದ ತಿಂಗಳು ನಾನು ಬೋರಲಿಂಗಯ್ಯನವರ ಮನೆಯಲ್ಲಿ ಕದ್ದು ಒಂದು ನಂಬರು ಬರೆದುಕೊಂಡು, ಅವರ ತಾತನನ್ನು ಕಳ್ಳ ಎಂದೆ.'