ಅಡ್ಡ ಹಿಡಿದ ಕೈ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ಮಗಳ ನಮಸ್ಕಾರ. ಎಲ್ಲರೂ ಕ್ಷೇಮ ಅಂತ ಬರೆಯುವ ಮನಸ್ಸಿಲ್ಲ. ಎಲ್ಲರೂ ತಲೆಯೆತ್ತಿಕೊಂಡಿದ್ದೇವೆ ಅಂತ ಬರೆಯುತ್ತೇನೆ.

ಹಡಗಿನಲ್ಲಿ ಏನೇ ಬಂದರೂ ಇಳಿಸಿ, ಬಾಯಿಗೆ ಬೀಗ ಹಾಕಿಕೊಂಡಿರು ಅಂತ ನೀನು ಬರೆದಿದ್ದೆ. ನೀನು ಮಗು ನೋಡಿಕೊಳ್ಳುವ ಮನೆಯ ಯಜಮಾನರು ಅಲ್ಲಿನ ಸರ್ಕಾರದ ದೊಡ್ಡ ಅಧಿಕಾರಿ. ನಾವಿಲ್ಲಿ ಕೆಮ್ಮಿದರೆ ಅಲ್ಲಿ ನಿನ್ನ ಕೆಲಸ ಹೋಗುತ್ತದೆ, ಅಜ್ಜಿಯ ಔಷಧಿ ನಿಲ್ಲುತ್ತದೆ. ಎಲ್ಲ ಗೊತ್ತು.

ಆದರೆ ಕೇಳು. ನಮಗೆ ರಸ್ತೆ ಹಾಕಿಸಿಕೊಟ್ಟ ದೇಶಕ್ಕೂ, ಆಸ್ಪತ್ರೆ ಕಟ್ಟಿಸಿಕೊಟ್ಟ, ನೀನಿರುವ ದೇಶಕ್ಕೂ ಹಗೆ. ಅವರ ನೆಲದಲ್ಲಿ ಒಂದು ಗಾಜೂ ಒಡೆಯುವುದಿಲ್ಲ. ಹೊಡೆದಾಟಕ್ಕೆ ನಮ್ಮ ಅಂಗಳವೇ ಬೇಕು. ರಸ್ತೆಯವರು ಬೆಟ್ಟದ ಹುಡುಗರಿಗೆ ಬಂದೂಕು ಕೊಡುತ್ತಾರೆ, ಆಸ್ಪತ್ರೆಯವರು ತೀರದ ಹುಡುಗರಿಗೆ. ಎರಡೂ ಇಳಿಯುವುದು ನಮ್ಮ ಬಂದರಿನಲ್ಲೇ, ಒಂದು ಸಿಮೆಂಟಿನ ಹೆಸರಲ್ಲಿ, ಇನ್ನೊಂದು ಔಷಧಿಯ ಹೆಸರಲ್ಲಿ. ಎದುರು ಮನೆಯ ಬಡಗಿಯ ಇಬ್ಬರು ಮಕ್ಕಳೂ ಹೋದರು. ಒಬ್ಬ ಆ ಕಡೆ, ಒಬ್ಬ ಈ ಕಡೆ. ಕರಪತ್ರ ಓದಿ ನನ್ನ ತಲೆ ಕೆಟ್ಟಿದೆ ಅನ್ನುತ್ತೀಯ. ಆ ಇಬ್ಬರು ಕರಪತ್ರದಲ್ಲಿರಲಿಲ್ಲ ಅಮ್ಮ, ನಮ್ಮ ಬೀದಿಯಲ್ಲಿದ್ದರು.

ನಿನ್ನೆ ಮತ್ತೆ 'ಔಷಧಿ' ಬಂತು. ಮಾವ ಕ್ರೇನಿನ ಮೇಲೆ, ನಾನು ಕೆಳಗೆ ಸನ್ನೆಗೆ, ನೀನು ನಿಲ್ಲುತ್ತಿದ್ದ ಜಾಗದಲ್ಲೇ. ಹತ್ತುವ ಮುಂಚೆ ಮಾವ, "ನಿಮ್ಮಮ್ಮನ ಹೊಟ್ಟೆ ಮೇಲೆ ಹೊಡೀಬೇಡ. ಸುಮ್ನೆ ಸನ್ನೆ ಮಾಡು, ಎತ್ತುತ್ತೀನಿ" ಅಂದರು.

ನಿಯಮ ನೀನೇ ಕಲಿಸಿದ್ದು. ಎತ್ತು ಎನ್ನಲು ಸನ್ನೆಯವಳೇ ಬೇಕು. ನಿಲ್ಲಿಸು ಎನ್ನಲು ಯಾರಾದರೂ ಸಾಕು. ಯಾರು ಎರಡು ಕೈ ಅಡ್ಡ ಹಿಡಿದರೂ ಕ್ರೇನ್ ನಿಲ್ಲಬೇಕು, ಕಾರಣ ಆಮೇಲೆ.

ಮೊದಲ ಪೆಟ್ಟಿಗೆ ಮೇಲೆದ್ದಿತು. ನಾನು ಕೈ ಅಡ್ಡ ಹಿಡಿದೆ. ಪೆಟ್ಟಿಗೆ ಗಾಳಿಯಲ್ಲಿ ನಿಂತಿತು. ಹಡಗಿನ ಅಧಿಕಾರಿ ಓಡಿ ಬಂದು ನನ್ನ ಕೈ ಎಳೆದ. ಅಷ್ಟರಲ್ಲಿ ಚಹಾ ಮಾರುವ ಅಕ್ಕ ಕೆಟಲ್ ಕೆಳಗಿಟ್ಟು ಕೈ ಅಡ್ಡ ಹಿಡಿದಳು. ಆಮೇಲೆ ಹಗ್ಗ ಕಟ್ಟುವವರು, ಗುಡಿಸುವವರು, ಪೆಟ್ಟಿಗೆ ರಿಪೇರಿಗೆ ಬಂದಿದ್ದ ನಮ್ಮ ಎದುರು ಮನೆಯ ಬಡಗಿ.

"ಎತ್ತಯ್ಯಾ, ನಾನು ಹೇಳ್ತಾ ಇದೀನಿ" ಅಂದ ಅಧಿಕಾರಿ.

"ಕೈ ಕಾಣ್ತಾ ಇದೆ ಸ್ವಾಮಿ. ಹೇಗೆ ಎತ್ಲಿ?" ಅಂದರು ಮಾವ, ನಮ್ಮ ಮಾವ.

ಚಹಾದಕ್ಕ, "ನನ್ನ ತೋಳು ಸೋತಿದೆ ಸ್ವಾಮಿ, ಸ್ವಲ್ಪ ಹೊತ್ತು ನೀವು ಹಿಡೀತೀರಾ?" ಅಂದಾಗ ಕಾವಲಿನ ಸಿಪಾಯಿಯೇ ನಕ್ಕುಬಿಟ್ಟ.

ಸಂಜೆ ಪೆಟ್ಟಿಗೆ ಹಡಗಿಗೇ ವಾಪಸ್ಸಾಯಿತು, ಹಡಗು ಹೊರಟಿತು. ನಾಳೆ ರಸ್ತೆಯವರ 'ಸಿಮೆಂಟು' ಬರುತ್ತದಂತೆ. ಅದಕ್ಕೂ ಇದೇ ಕೈ.

ನಿನ್ನ ಹೆಸರನ್ನು ನಾವು ಯಾರೂ ಬಾಯಿಬಿಟ್ಟಿಲ್ಲ. ಧೈರ್ಯವಾಗಿರು.

ನಿನ್ನ ಹಠಮಾರಿ
ಮಗಳು

ಮತ್ತೆ: ಇದು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ನಾನು ಹಾಕಿಕೊಂಡಿದ್ದು ನಿನ್ನ ಕೆಂಪು ಗವಸು. ಯಾರೂ ಕದಿಯಬಾರದೆಂದು ಒಳಗಡೆ ನಿನ್ನ ಹೆಸರು ಹೊಲಿದಿದ್ದೀಯ. ನನಗೆ ನೆನಪೇ ಆಗಲಿಲ್ಲ. ಕೈ ಎಳೆದಾಗ ಒಂದು ಗವಸು ಅಧಿಕಾರಿಯ ಕೈಗೆ ಹೋಯಿತು. ಗುಮಾಸ್ತನಿಂದ ಓದಿಸಿ ಜೇಬಿಗಿಟ್ಟುಕೊಂಡ. ಅಜ್ಜಿಗೆ ಹೇಳಿದೆ. "ಕೆಲಸ ಬಿಡಿಸಿ ಮನೆಗೆ ಕಳಿಸಿದ್ರೆ ಕಳಿಸ್ಲಿ ಬಿಡು, ಅವಳ ಮುಖ ನೋಡಿ ಎಷ್ಟು ಕಾಲ ಆಯ್ತು" ಅಂದಳು. ಯಜಮಾನರು ಗವಸು ತೋರಿಸಿದರೆ ನನ್ನದಲ್ಲ ಅನ್ನಬೇಡ ಅಮ್ಮ. ಅದರ ಜೋಡಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ.